ಹುಬ್ಬಳ್ಳಿಯ 17,500, ನರಸಾಪುರದ 28,000: ಕೈಗೆ ಉಳಿಯೋದು ಯಾವುದರಾಗ? ಮೇಂಟೆನೆನ್ಸ್, ಎಲೆಕ್ಟ್ರಿಕಲ್ ಕೆಲಸದವರು ಹೇಳ್ರಿ

ಅಣ್ಣಿಗೇರಿ ವೈರ್‌ಮನ್

ಎಲ್ಲಾರಿಗೂ ನಮಸ್ಕಾರ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ, ಅಪ್ರೆಂಟಿಸ್ ಮಾಡಿ, ಈಗ ಐದು ವರ್ಷದಿಂದ ಹುಬ್ಬಳ್ಳಿ ಗೋಕುಲ ರೋಡಿನ ಒಂದು ಮಷಿನಿಂಗ್ ಯುನಿಟ್‌ನ್ಯಾಗ ಅದೀನಿ. ಹೆಸರಿಗೆ ಎಲೆಕ್ಟ್ರಿಷಿಯನ್. ಸಿಎನ್‌ಸಿ (ಕಂಪ್ಯೂಟರ್ ಮ್ಯಾಲೆ ನಡ್ಯೂ ಮಷಿನ್) ಅಲಾರಂ ಹೊಡದ್ರ ನಾನ, ಕಂಪ್ರೆಸರ್ ಬೆಲ್ಟ್ ಹರದ್ರ ನಾನ, ಡಿಜಿ (ಡೀಸೆಲ್ ಜನರೇಟರ್) ಸ್ಟಾರ್ಟ್ ಆಗಲಿಲ್ಲ ಅಂದ್ರ ನಾನ, ಮಾಲಕರ ಮನಿ ಗೀಸರ್ ಕೆಟ್ರೂ ನಾನ. ಗ್ರಾಸ್ (ಕಡಿತಕ್ಕಿಂತ ಮೊದಲಿನ ಸಂಬಳ) 17,500. ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮಾ) ಹೋಗಿ ಕೈಗೆ 15,800. ರಾತ್ರಿ ಕರದ್ರ ಚಹಾ ಕೊಡ್ತಾರ, ಓಟಿ (ಓವರ್‌ಟೈಮ್ ರೊಕ್ಕ) ಇಲ್ಲ.

ಈಗ ಕೋಲಾರದ ಕಡೆ ನರಸಾಪುರದಾಗಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಿಂದ ಫೋನ್ ಬಂದೈತಿ. ಮೇಂಟೆನೆನ್ಸ್ ಟೆಕ್ನಿಷಿಯನ್, ತಿಂಗಳಿಗೆ 28,000 ಸಿಟಿಸಿ (ಕಂಪನಿಗೆ ನನ್ನ ಮ್ಯಾಲೆ ಆಗೂ ಒಟ್ಟು ಖರ್ಚು) ಅಂತ. ನಾನು ಮನಿಯಿಂದ ದಿನಾ ರೈಲ್ವೆ ಪಾಸಿನ ಮ್ಯಾಲೆ ಓಡಾಡ್ತೀನಿ, ಊಟಕ್ಕ ಅವ್ವನ ಬುತ್ತಿ. ಗೆಳ್ಯಾರೆಲ್ಲ "ಹತ್ತು ಸಾವಿರ ಹೆಚ್ಚಿಗಿ ಅಲಲೇ, ಹೋಗಿ ಬಿಡು" ಅಂತಾರ. ಹೋಗಲೋ ಬ್ಯಾಡೋ? ನಿಮ್ಮ ನಿಮ್ಮ ಕಡೆ ಇದೇ ಕೆಲಸಕ್ಕ ಎಷ್ಟು ಕೊಡ್ತಾರ, ನಿಜ ಹೇಳ್ರಿ.

ಪೀಣ್ಯ ಎರಡನೇ ಹಂತ

ಗುರು, ಸಿಟಿಸಿ ನಂಬ್ಕೊಂಡು ಬ್ಯಾಗ್ ಕಟ್ಟಬೇಡ. ಮೊದಲು ಬಿಚ್ಚಿ ನೋಡು. ಬೇಸಿಕ್ 15,000 ಅಂತ ಇಟ್ಕೊಳ್ಳೋಣ. ಕಂಪನಿ ಕಡೆಯ ಪಿಎಫ್ 1,800 ಆ 28,000ದ ಒಳಗೇ ಇರುತ್ತೆ. ವರ್ಷಕ್ಕೊಮ್ಮೆ ಕೊಡೋ ಬೋನಸ್‌ನ ತಿಂಗಳಿಗೆ ಹಂಚಿ ತೋರಿಸ್ತಾರೆ, 8.33 ಪರ್ಸೆಂಟ್ ಅಂದ್ರೆ ಸುಮಾರು 1,250. ಗ್ರಾಚುಟಿ (ಕೆಲಸ ಬಿಡುವಾಗ ಸಿಗೋ ಇಡಿಗಂಟು) ಅಂತ 720 ಬೇರೆ. ಇಷ್ಟು ಕಳೆದರೆ ಗ್ರಾಸ್ 24,200ರ ಆಸುಪಾಸು. ಅದರಲ್ಲಿ ನಿನ್ನ ಪಾಲಿನ ಪಿಎಫ್ ಇನ್ನೊಂದು 1,800. ಕೈಗೆ 22,400. ಗ್ರಾಸ್ 25,000ದ ಒಳಗಿರೋದ್ರಿಂದ ಪ್ರೊಫೆಷನಲ್ ಟ್ಯಾಕ್ಸ್ ಒಂದು ಬೀಳಲ್ಲ, ಅಷ್ಟೇ ಪುಣ್ಯ.

ಆ ಕಡೆ ಮೂರು ಜನ ಸೇರಿ ರೂಮ್ ಮಾಡಿದ್ರೂ ತಲೆಗೆ ಎರಡೂವರೆ, ಮೆಸ್ಸಿಗೆ ಮೂರೂವರೆ, ತಿಂಗಳಿಗೊಂದು ಸಲ ಊರಿಗೆ ಹೋಗಿಬರೋಕೆ ಸಾವಿರ. ಉಳಿಯೋದು 15,400. ಈಗ ಮನೆಯಲ್ಲಿ ಉಂಡು ಮಲಗಿ ನಿನ್ನ ಕೈಲಿರೋದು 15,800. ಹತ್ತು ಸಾವಿರ ಎಲ್ಲಿದೆ ಹೇಳು?

ಇನ್ನೊಂದು ವಿಷಯ ಯಾರೂ ಹೇಳಲ್ಲ. ಸಂಬಳ 21,000 ದಾಟಿದ್ರೆ ಇಎಸ್‌ಐ ಹೋಯ್ತು. ಅಪ್ಪ ಅಮ್ಮನ ಔಷಧಿ ಇಎಸ್‌ಐ ಮೇಲೆ ನಡೀತಿದ್ರೆ ಅದೂ ನಿಲ್ಲುತ್ತೆ. ಕಂಪನಿ ಮೆಡಿಕ್ಲೈಮ್ ಇದೆಯಾ, ಅದರಲ್ಲಿ ತಂದೆ ತಾಯಿ ಸೇರ್ತಾರಾ, ಎಚ್‌ಆರ್‌ನ ಕೇಳು.

ಬಿಡದಿ ಸಿ ಶಿಫ್ಟ್

ಪೀಣ್ಯದಣ್ಣನ ಲೆಕ್ಕ ಸರಿ ಇದೆ. ಆದರೆ ಊರು ಊರಿಗೆ ಹೋಲಿಸ್ತಾ ಕೂತ್ರೆ ಅಸಲಿ ವಿಷಯ ತಪ್ಪಿಹೋಗುತ್ತೆ. ನಾನು ಪರ್ಮನೆಂಟ್, ಹದಿನಾಲ್ಕು ವರ್ಷದ ಸರ್ವೀಸು, ಮೂರ್ನಾಲ್ಕು ವರ್ಷಕ್ಕೊಮ್ಮೆ ಯೂನಿಯನ್ ಅಗ್ರಿಮೆಂಟ್ ಆಗಿ ಆಗಿ ಗ್ರಾಸ್ 70 ಸಾವಿರ ದಾಟಿದೆ. ನನ್ನ ಪಕ್ಕದಲ್ಲೇ ನಿಂತು ಅದೇ ಎಂಸಿಸಿ (ಮೋಟರ್ ಕಂಟ್ರೋಲ್) ಪ್ಯಾನೆಲ್‌ಗೆ ಕೈ ಹಾಕೋ ಕಾಂಟ್ರಾಕ್ಟ್ ಹುಡುಗ ಮಂಡ್ಯದವನು. ಅವನಿಗೆ 21 ಸಾವಿರ. ವಿಎಫ್‌ಡಿ (ಮೋಟರ್ ವೇಗ ಹತೋಟಿ ಮಾಡೋ ಡ್ರೈವ್) ಪ್ಯಾರಾಮೀಟರ್ ಹಾಕೋದ್ರಲ್ಲಿ ನನಗಿಂತ ಚುರುಕು. ಹುಬ್ಬಳ್ಳಿಗೂ ಬಿಡದಿಗೂ ನಾನೂರು ಕಿಲೋಮೀಟರ್ ಇದ್ದೀತು. ಆದರೆ ದೊಡ್ಡ ಅಂತರ ಇರೋದು ನನಗೂ ಆ ಹುಡುಗನಿಗೂ ಮಧ್ಯದ ಹತ್ತಡಿಯಲ್ಲಿ.

ಹಾಗಾಗಿ ತಮ್ಮಾ, "ಎಷ್ಟು ಸಂಬಳ" ಅನ್ನೋದಕ್ಕೆ ಮುಂಚೆ "ಯಾರ ರೋಲ್‌ನಲ್ಲಿ" ಅಂತ ಕೇಳು. ಕಂಪನಿ ರೋಲಾ, ಏಜೆನ್ಸಿ ರೋಲಾ? ಆಫರ್ ಲೆಟರ್‌ನ ಮೇಲ್ಗಡೆ ಯಾರ ಹೆಸರಿದೆ ನೋಡು.

ತೋರಣಗಲ್ಲು ಫಿಟ್ಟರ್

ಬಿಡದಿಯವ್ರು ಹೇಳಿದ್ದು ನೂರಕ್ಕೆ ನೂರು. ನಮ್ಮ ಕಡೆ ಉಕ್ಕಿನ ಕಾರ್ಖಾನೆಯಾಗೂ ಇದೇ ಕಥೆ. ನಾನು ಕಾಂಟ್ರಾಕ್ಟರ್ ಕೆಳಗೆ ಮೆಕ್ಯಾನಿಕಲ್ ಮೇಂಟೆನೆನ್ಸು, ಕನ್ವೇಯರ್ ಕಡೆ. ಬರೀ ಸಂಬಳ 18 ಸಾವಿರ, ಓಟಿ ಸೇರಿ 24ರ ತನಕ ಎಳೀತೀನಿ. ಬಳ್ಳಾರಿ ಬಿಸ್ಲಿಗೆ ಆ ಕನ್ವೇಯರ್ ಗ್ಯಾಲರಿಯಾಗ ಮೇ ತಿಂಗಳು ಒಂದಿನ ನಿಂತು ನೋಡ್ರಿ, ಆಮೇಲೆ 24 ಹೆಚ್ಚಾ ಕಡಿಮೆನಾ ಹೇಳ್ರಿ.

ಆದ್ರೆ ಶಟ್‌ಡೌನ್ (ರಿಪೇರಿಗೆ ಪ್ಲಾಂಟ್ ನಿಲ್ಲಿಸೋದು) ಬಂದಾಗ ಮಾತ್ರ ನಮ್ಮ ರೇಟು ಬೇರೆ. ಹದಿನೈದು ದಿನದ ಶಟ್‌ಡೌನಿಗೆ ಒಳ್ಳೆ ಫಿಟ್ಟರ್, ರಿಗ್ಗರ್, ಎಚ್‌ಟಿ (ಹೈ ಟೆನ್ಷನ್) ಗೊತ್ತಿರೋ ಎಲೆಕ್ಟ್ರಿಷಿಯನ್ ದಿನಕ್ಕೆ 1,200, 1,500 ಕೇಳಿದ್ರೂ ಕೊಡ್ತಾರೆ. ಪ್ಲಾಂಟ್ ಒಂದು ಗಂಟೆ ತಡವಾಗಿ ಶುರುವಾದ್ರೆ ಅವರಿಗೆ ಹೋಗೋದು ಲಕ್ಷಗಳಲ್ಲಿ. ನಿಂತ ಮಷಿನ್ನಿನ ಒಂದು ಗಂಟೆಗೆ ಎಷ್ಟು ಬೆಲೆ ಅನ್ನೋದರ ಮೇಲೆ ನಮ್ಮ ರೇಟು ಕೂತಿರ್ತದೆ.

ಗೋಕುಲ ರೋಡ್ ಮಾಲಕ

ನಾ ಆ ಕಡೆಯಿಂದ ಮಾತಾಡ್ತೀನಿ, ಬೈಬ್ಯಾಡ್ರಿ. ನನ್ನದೂ ಸಣ್ಣ ಯುನಿಟ್ಟು, ಹನ್ನೆರಡು ಮಂದಿ. (ವೈರ್‌ಮನ್ ತಮ್ಮಾ, ನಿನ್ನ ಮಾಲಕ ನಾನಲ್ಲ, ನನ್ನ ಮನ್ಯಾಗ ಗೀಸರ್ ಇಲ್ಲ, ಸೋಲಾರ್ ಐತಿ.) ನಮ್ಮ ಜಾಬ್ ವರ್ಕ್ ರೇಟು ನಾವು ಬರಿಯೂದಲ್ರಿ, ಧಾರವಾಡ, ಪುಣೆ ಕಡೆಯ ದೊಡ್ಡವರು ಬರೀತಾರ. ಸಣ್ಣ ಉದ್ದಿಮೆಗೆ 45 ದಿನದಾಗ ಹಣ ಕೊಡಬೇಕು ಅಂತ ಕಾನೂನು ಐತಿ, ಆದ್ರ ನನಗ ಬರೂದು ತೊಂಬತ್ತು ದಿನಕ್ಕ. ಬಡ್ಡಿ ಕೇಳಿದ್ರ ಮುಂದಿನ ಆರ್ಡರ್ ಇಲ್ಲ. ಇದರಾಗ ಎಲೆಕ್ಟ್ರಿಷಿಯನ್‌ಗ 25,000 ಹೆಂಗ ಕೊಡೂದು?

ಹಂಗಂತ ಓಟಿ ಕೊಡದ ಇರೂದು ಸರಿ ಅನ್ನಾಂಗಿಲ್ಲ. ರಾತ್ರಿ ಕರದ್ರ ಕೊಡಬೇಕು, ಅದು ಅವನ ಹಕ್ಕು.

ಉದ್ಯಮಬಾಗ್ ಫರ್ನೇಸ್

ಸಾಹುಕಾರ್ರ, ಬೆಳಗಾವಿ ಫೌಂಡ್ರಿಯಾಗೂ ಇದೇ ಹಾಡು ಕೇಳೀನಿ. ಆದ್ರ ಇಂಡಕ್ಷನ್ ಫರ್ನೇಸ್ ನಡುರಾತ್ರಿ ಟ್ರಿಪ್ ಆಗಿ ಒಳಗ ಲೋಹ ಗಟ್ಟಿ ಆಗಾಕ ಹತ್ತಿದ್ರ ಅದೇ ಮಾಲಕರು ಸ್ವಂತ ಕಾರ್ ತಗೊಂಡು ನಮ್ಮ ಮನಿ ಮುಂದ ಬಂದು ನಿಂದರ್ತಾರ. ನಾನು ಹೋದ ವರ್ಷ ಆ ಹೊತ್ತಿನ್ಯಾಗ ಕೈ ಕಟಗೊಂಡು ಕೇಳಲಿಲ್ಲ. ಮರುದಿನ ಚಹಾ ಕುಡ್ಯೂ ಹೊತ್ತಿಗೆ ಹೋಗಿ, "ಸರ್, ನಿನ್ನಿ ರಾತ್ರಿ ಫರ್ನೇಸಿನ ಒಳಗಿನ ಲೈನಿಂಗ್ ಹೋಗಿದ್ರ ಎಷ್ಟು ಖರ್ಚಾಗ್ತಿತ್ತು" ಅಂತ ಕೇಳಿದೆ. ಅವರ ಬಾಯಿಂದನ ಲೆಕ್ಕ ಬಂತು. ಮೂರು ಸಾವಿರ ಹೆಚ್ಚಿಗಿ ಮಾಡಿದ್ರು. ಈಗ 22ಕ್ಕ ಅದೀನಿ, ಊರಾಗ ಅದೀನಿ.

ಕರಾವಳಿ ಇನ್‌ಸ್ಟ್ರುಮೆಂಟ್

ಮಂಗಳೂರು ಕಡೆದು ಸ್ವಲ್ಪ ಹೇಳ್ತೇನೆ. ಬೈಕಂಪಾಡಿಯ ಸಣ್ಣ ಕಾರ್ಖಾನೆಯಲ್ಲಿ ಕನಿಷ್ಠ ವೇತನ ಅಂದ್ರೆ ರಾಜ್ಯದ ಪಟ್ಟಿ. ಅದೇ ರಸ್ತೆಯಲ್ಲಿ ಮುಂದೆ ಹೋಗಿ ಬಂದರಿನ ಗೇಟು ದಾಟಿದ್ರಿ ಅಂತಾದ್ರೆ ಕೇಂದ್ರದ ಪಟ್ಟಿ. ಗಣಿ, ರೈಲ್ವೆ, ದೊಡ್ಡ ಬಂದರು ಎಲ್ಲ ಕೇಂದ್ರದ ವ್ಯಾಪ್ತಿ. ಸಂಡೂರಿನ ಗಣಿಯಲ್ಲಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗೂ ಹೀಗೇ. ಕೇಂದ್ರದ್ದರಲ್ಲಿ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲಿ ಮತ್ತು ಅಕ್ಟೋಬರ್‌ನಲ್ಲಿ. ನಮ್ಮ ರಾಜ್ಯದ್ದು ಏಪ್ರಿಲ್‌ಗೆ ಒಂದೇ ಸಲ. 2024ರ ಅಕ್ಟೋಬರ್ 1ರಿಂದ ಕೇಂದ್ರದ ಪಟ್ಟಿಯಲ್ಲಿ ನಿರ್ಮಾಣದಂಥ ಕೆಲಸಗಳ ಕುಶಲಕರ್ಮಿಗೆ "ಎ" ಪ್ರದೇಶದಲ್ಲಿ ದಿನಕ್ಕೆ 954, ತಿಂಗಳಿಗೆ 24,804 ಆಯ್ತು. ಅತಿ ಕುಶಲ ಅಂದ್ರೆ 1,035. ಬೆಂಗಳೂರು ಆ "ಎ"ಯಲ್ಲಿ ಬರ್ತದೆ, ಸಣ್ಣ ಊರುಗಳು "ಬಿ", "ಸಿ"ಗೆ ಇಳೀತವೆ.

ಒಬ್ಬನೇ ಗುತ್ತಿಗೆದಾರನ ಹತ್ತಿರ ಎರಡೂ ಕಡೆಯ ಕೆಲಸ ಉಂಟು ಅಂತ ಇಟ್ಟುಕೊಳ್ಳಿ. ನಿಮ್ಮ ಗೇಟ್‌ಪಾಸ್ ಯಾವುದು ಅನ್ನುವುದರ ಮೇಲೆ ಸಂಬಳ ಮಾರಾಯ್ರೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಡಿಮೆಗೆ ದುಡಿದವರನ್ನು ನೋಡಿದ್ದೇನೆ.

ಹೊಸೂರು ಬಾರ್ಡರ್

ನಮ್ದು ಇನ್ನೊಂದು ತಮಾಷೆ. ರೂಮು ಅತ್ತಿಬೆಲೆಯಲ್ಲಿ, ಕೆಲಸ ಹೊಸೂರಲ್ಲಿ. ಬಾಡಿಗೆ ಕರ್ನಾಟಕದ್ದು, ಕನಿಷ್ಠ ವೇತನ ತಮಿಳುನಾಡಿನದು. ಪ್ರೊಫೆಷನಲ್ ಟ್ಯಾಕ್ಸೂ ಅಲ್ಲಿ ಆರು ತಿಂಗಳಿಗೊಮ್ಮೆ ಒಟ್ಟಿಗೆ ಹಿಡೀತಾರೆ, ಆ ತಿಂಗಳು ಪೇಸ್ಲಿಪ್ ನೋಡಿ ಹುಡುಗರು ಗಾಬರಿ ಬೀಳ್ತಾರೆ.

ಮುಧೋಳ ಟರ್ಬೈನ್

ಸಕ್ಕರಿ ಫ್ಯಾಕ್ಟರಿ ಬಗ್ಗೆ ಯಾರೂ ಬರದಿಲ್ಲಲ್ಲ. ನಮ್ಮಲ್ಲಿ ಕಬ್ಬು ನುರಿಸೂ ಸೀಜನ್ ನಾಕೈದು ತಿಂಗಳು, ಆಮ್ಯಾಲೆ ಓವರ್‌ಹಾಲಿಂಗು. ಸೀಜನಲ್ ಮಂದಿಗೆ ಆಫ್ ಸೀಜನ್‌ನ್ಯಾಗ ಬರೇ ರಿಟೈನಿಂಗ್ ಅಲೋನ್ಸ್ (ಸಂಬಳದ ಒಂದು ಪಾಲು). ತಿಂಗಳ ಸಂಬಳ ಕೇಳಿದ್ರ ಚಲೋ ಕಾಣ್ತತಿ, ವರ್ಷದ್ದು ಕೂಡಿಸಿ ಹನ್ನೆರಡಕ್ಕ ಭಾಗಿಸಿದ್ರ ಇಳೀತತಿ.

ಆದ್ರ ಕೋಜನ್ (ಕಬ್ಬಿನ ಸಿಪ್ಪಿಯಿಂದ ಕರೆಂಟ್ ಮಾಡೂ) ಪ್ಲಾಂಟಿನ ಮಂದಿ ಬ್ಯಾರೆ ಜಾತಿ. ಟರ್ಬೈನ್, ಬಾಯ್ಲರ್ ಕಡೆ ಅನುಭವ ಇದ್ದಾಂವ, ಫಸ್ಟ್ ಕ್ಲಾಸ್ ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟ್ ಇದ್ದಾಂವ ಬಾಗಲಕೋಟಿಯಾಗ ಇದ್ರೂ ಬೆಂಗಳೂರಾಗ ಇದ್ರೂ ಅವನ ರೇಟು ಅವಂದ. ಯಾಕಂದ್ರ ಆ ಕಾಗದ ಇಲ್ಲದ ಬಾಯ್ಲರ್ ನಡಸಾಕ ಕಾನೂನು ಬಿಡೂದಿಲ್ಲ.

ಐಟಿಐ ಮೇಷ್ಟ್ರು, ತುಮಕೂರು

ಮುಧೋಳದವರು ಹೇಳಿದ್ದನ್ನು ಎಲೆಕ್ಟ್ರಿಕಲ್‌ನವರಿಗೂ ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ವಸಂತನರಸಾಪುರದಲ್ಲಿರುವವರೂ ಇದ್ದಾರೆ, ದಾಬಸ್‌ಪೇಟೆಯವರೂ ಇದ್ದಾರೆ. ಐದು ವರ್ಷ ಕಳೆದ ಮೇಲೆ ಸಂಬಳದಲ್ಲಿ ಮುಂದೆ ಹೋದವರು ಊರು ಬದಲಿಸಿದವರಿಗಿಂತ ಹೆಚ್ಚಾಗಿ ಕಾಗದ ಮಾಡಿಸಿಕೊಂಡವರು ಮತ್ತು ಪಿಎಲ್‌ಸಿ (ಮಷಿನ್ ನಡೆಸುವ ಕಂಟ್ರೋಲರ್) ಕಲಿತವರು. ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್, ಆಮೇಲೆ ಸೂಪರ್‌ವೈಸರ್ ಪರ್ಮಿಟ್. ಸೂಪರ್‌ವೈಸರ್ ಪರ್ಮಿಟ್ ಇರುವವನ ಸಹಿ ಎಲೆಕ್ಟ್ರಿಕಲ್ ಕಾಂಟ್ರಾಕ್ಟರಿಗೆ ಬೇಕೇ ಬೇಕು. ಅಣ್ಣಿಗೇರಿಯವರೇ, ಐದು ವರ್ಷ ಎಲ್ಲ ಕೆಲಸ ಮಾಡಿದ್ದೀರಿ ಅಂತೀರಲ್ಲ, ಅದನ್ನು ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಮಾಡಿಸಿ ಇಟ್ಟುಕೊಂಡಿದ್ದೀರಾ?

ಕನಿಷ್ಠ ವೇತನದ ಬಗ್ಗೆ ಒಂದು ಮಾತು. ರಾಜ್ಯದ ಅಧಿಸೂಚನೆಯಲ್ಲಿ ಬೆಂಗಳೂರಿಗೆ ಒಂದು ವಲಯ, ತಾಲ್ಲೂಕು ಊರುಗಳಿಗೆ ಕೊನೆಯ ವಲಯ ಎಂದೆಲ್ಲ ಇರುತ್ತದೆ. ಆದರೆ ವಲಯ ವಲಯದ ನಡುವಿನ ವ್ಯತ್ಯಾಸಕ್ಕೂ ಬಾಡಿಗೆಯ ವ್ಯತ್ಯಾಸಕ್ಕೂ ಸಂಬಂಧವೇ ಇಲ್ಲ. ಬೆಂಗಳೂರಿನ ಕನಿಷ್ಠ ವೇತನದಲ್ಲಿ ಬೆಂಗಳೂರಿನಲ್ಲಿ ಸಂಸಾರ ಮಾಡಿದವರನ್ನು ನಾನಂತೂ ಕಂಡಿಲ್ಲ.

ಕೋಲಾರದ ಹುಡುಗಿ

ನಾನು ನರಸಾಪುರದಲ್ಲೇ ಇದ್ದೀನಿ, ಹಾಗಾಗಿ ಬರೀತಿದ್ದೀನಿ. ಅಣ್ಣ, ನಿಮ್ಮನ್ನ ಟೆಕ್ನಿಷಿಯನ್ ಅಂತ ತಗೊಳ್ತಾರೋ ಆಪರೇಟರ್ ಅಂತ ತಗೊಂಡು ಲೈನಿಗೆ ಹಾಕ್ತಾರೋ ಕೇಳಿ. ನನ್ನ ಹತ್ರನೂ ಎಲೆಕ್ಟ್ರಿಷಿಯನ್ ಐಟಿಐ ಇದೆ, ಕ್ಲಾಸಲ್ಲಿ ನನಗೆ ಫಸ್ಟ್ ಬಂದಿತ್ತು. ಇಂಟರ್‌ವ್ಯೂನಲ್ಲಿ ಮೇಂಟೆನೆನ್ಸ್ ಅಂದ್ರು, ಬಂದ ಮೇಲೆ ಅಸೆಂಬ್ಲಿ ಲೈನು. "ನೈಟ್ ಶಿಫ್ಟ್ ಬ್ರೇಕ್‌ಡೌನ್‌ಗೆ ಹುಡುಗೀರು ಆಗಲ್ಲಮ್ಮ" ಅಂದ್ರು. ಲೈನಲ್ಲಿ ಮಾತ್ರ ನೈಟ್ ಶಿಫ್ಟ್ ಆಗುತ್ತೆ! ನನ್ನ ಜೊತೆ ಓದಿದ ಹುಡುಗ ಅದೇ ಪ್ಲಾಂಟಲ್ಲಿ ಟೆಕ್ನಿಷಿಯನ್, ನನಗಿಂತ ಆರು ಸಾವಿರ ಜಾಸ್ತಿ.

ಹಾಸ್ಟೆಲ್ಲು, ಬಸ್ಸು, ಊಟ ಪರವಾಗಿಲ್ಲ. 2020ರ ಡಿಸೆಂಬರ್‌ನಲ್ಲಿ ನರಸಾಪುರದಲ್ಲಿ ಸಂಬಳದ ಗಲಾಟೆಯಾಗಿ ಕಾರ್ಖಾನೆ ಗಾಜು ಒಡೆದ ಸುದ್ದಿ ನಿಮಗೂ ನೆನಪಿರಬಹುದು. ಅದಾದ ಮೇಲೆ ಪೇಸ್ಲಿಪ್ ಓದೋದನ್ನ ಇಲ್ಲಿನವರು ಚೆನ್ನಾಗಿ ಕಲ್ತಿದ್ದಾರೆ.

ಬಿಡದಿ ಸಿ ಶಿಫ್ಟ್

ತಂಗಿ, ಆರು ಸಾವಿರದ ಮಾತು ಓದಿ ಬೇಜಾರಾಯ್ತು. ನಮ್ಮಲ್ಲಿ ಯುಟಿಲಿಟಿ ಸೆಕ್ಷನ್‌ನಲ್ಲಿ ಇಬ್ಬರು ಹುಡುಗಿಯರು ಇದ್ದಾರೆ, ಸಬ್‌ಸ್ಟೇಷನ್ ಲಾಗ್‌ಬುಕ್ ಅವರು ಬರೆದಷ್ಟು ನೀಟಾಗಿ ನಾವ್ಯಾರೂ ಬರೆಯಲ್ಲ. ಇಂಟರ್ನಲ್ ಜಾಬ್ ಪೋಸ್ಟಿಂಗ್ ಬಂದಾಗ ಟ್ರೇಡ್ ಸರ್ಟಿಫಿಕೇಟ್ ಲಗತ್ತಿಸಿ ಬರೆದು ಕೊಡು, ಬಾಯಿಮಾತಲ್ಲಿ ಕೇಳಬೇಡ.

ಜುಬೈಲ್ ಕನ್ನಡಿಗ

ಕುಂದಾಪುರದವ, ಈಗ ಸೌದಿಯಲ್ಲಿ. 2,000 ರಿಯಾಲ್, ರೂಪಾಯಿಯಲ್ಲಿ 45 ಸಾವಿರದ ಮೇಲೆ. ರೂಮ್, ಊಟ, ಗಾಡಿ ಎಲ್ಲ ಕಂಪನಿದು, ಹಾಗಾಗಿ ಮನೆಗೆ ನಲವತ್ತು ಕಳಿಸ್ತೇನೆ. ಬರುವವರು ಎರಡು ವಿಷಯ ನೋಡ್ಕೊಳ್ಳಿ. ಎಲೆಕ್ಟ್ರಿಷಿಯನ್, ವೆಲ್ಡರ್, ಪ್ಲಂಬರ್ ಕೆಲಸಕ್ಕೆ ಸೌದಿಯವರ ಕೌಶಲ ಪರೀಕ್ಷೆ ಈಗ ಭಾರತದಲ್ಲೇ ಪಾಸ್ ಮಾಡಬೇಕು. ಮತ್ತೆ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ಮತ್ತು ಅದರ ಜಿಎಸ್‌ಟಿ. ಒಂದೂವರೆ ಲಕ್ಷ ಕೊಟ್ಟು ಬಂದವರು ಇಲ್ಲಿ ನನ್ನ ಪಕ್ಕದ ಬೆಡ್‌ನಲ್ಲೇ ಇದ್ದಾರೆ, ಮೊದಲ ವರ್ಷ ಪೂರ್ತಿ ಆ ಸಾಲಕ್ಕೇ ದುಡಿದರು.

ದಾವಣಗೆರೆ ಬೆಣ್ಣೆ

ಇಷ್ಟೆಲ್ಲಾ ಯಾಕ್ರೀ, ಕೆಪಿಟಿಸಿಎಲ್ ಪವರ್‌ಮ್ಯಾನ್‌ಗೆ ಹಾಕಿ. ಬೀದರ್‌ಗೆ ಹಾಕಿದ್ರೂ ಚಾಮರಾಜನಗರಕ್ಕೆ ಹಾಕಿದ್ರೂ ಅದೇ ಸ್ಕೇಲು, ಮನೆಬಾಡಿಗೆ ಭತ್ಯೆ ಅಷ್ಟೇ ಹೆಚ್ಚುಕಮ್ಮಿ.

ತೋರಣಗಲ್ಲು ಫಿಟ್ಟರ್

ಹಾಕೋದೇನೋ ಹಾಕಬಹುದಣ್ಣ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಮೇಲೆ ಲಿಸ್ಟು, ಆಮೇಲೆ ಕಂಬ ಹತ್ತೋ ಪರೀಕ್ಷೆ. ಐಟಿಐ ಎರಡು ವರ್ಷ, ಅಪ್ರೆಂಟಿಸ್, ಐದು ವರ್ಷದ ಅನುಭವ ಯಾವುದಕ್ಕೂ ಅಲ್ಲಿ ಕಿಮ್ಮತ್ತಿಲ್ಲ. ಹತ್ತನೇ ಕ್ಲಾಸಲ್ಲಿ 52 ಪರ್ಸೆಂಟ್ ತಗೊಂಡ ನನ್ನಂಥೋನು ಎಲ್ಲಿಗೆ ಹೋಗ್ಲಿ?

ಅಣ್ಣಿಗೇರಿ ವೈರ್‌ಮನ್

ಎಲ್ಲಾರಿಗೂ ಭಾಳ ಉಪಕಾರ ಆತು. ನಿನ್ನೆ ಆಫರ್ ಲೆಟರ್ ಮೇಲ್ ಬಂತು. ಬೇಸಿಕ್ 15,000, ಪೀಣ್ಯದಣ್ಣನ ಲೆಕ್ಕ ಹೆಚ್ಚುಕಡಿಮಿ ಹಂಗ ಐತಿ. ಮ್ಯಾಲೆ ಕಂಪನಿ ಹೆಸರಿಲ್ಲ, ಬೆಂಗಳೂರಿನ ಒಂದು ಮ್ಯಾನ್‌ಪವರ್ ಏಜೆನ್ಸಿದು. ಹನ್ನೊಂದು ತಿಂಗಳ ಕಾಂಟ್ರಾಕ್ಟ್. ಓಟಿ ಬಗ್ಗೆ ಕೇಳಿದ್ರ "ಸಿಂಗಲ್ ರೇಟ್ ಇರ್ತದ, ಎಲ್ಲಾ ಕಡೆ ಹಂಗ" ಅಂದ್ಳು ಎಚ್‌ಆರ್ ಮೇಡಂ. ಹುದ್ದೆ ಮಾತ್ರ ಟೆಕ್ನಿಷಿಯನ್ ಅಂತನ ಐತಿ, ಕೋಲಾರದ ತಂಗಿ ಹೇಳಿದ್ದಕ್ಕ ಅದನ್ನ ಎರಡು ಸಲ ಓದಿದೆ.

ಬಿಡದಿ ಸಿ ಶಿಫ್ಟ್

ಸಿಂಗಲ್ ರೇಟ್ ಅನ್ನೋದೇ ಇಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಇಲ್ಲಾ ವಾರಕ್ಕೆ 48 ಗಂಟೆ ದಾಟಿದ್ರೆ ದುಪ್ಪಟ್ಟು ಅಂತಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆ ಜಾರಿಗೆ ಬಂದ ಮೇಲೂ ದುಪ್ಪಟ್ಟೇ. ಏಜೆನ್ಸಿ ಸಂಬಳ ಕೊಡದೆ ಕೈ ಎತ್ತಿದ್ರೆ ಅಸಲಿ ಕಂಪನಿಯೇ ಕೊಡಬೇಕು, ಅದೂ ಕಾನೂನಲ್ಲೇ ಇದೆ. ಆದರೆ ಗೇಟಲ್ಲಿ ನಿಂತು ಕಾನೂನು ಹೇಳಿದವನ ಹನ್ನೊಂದು ತಿಂಗಳು ರಿನ್ಯೂ ಆಗಲ್ಲ ಅನ್ನೋದೂ ನಿಜ. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚುಟಿ ಬರುತ್ತೆ. ಹನ್ನೊಂದು ತಿಂಗಳು ಅಂತ ಯಾಕೆ ಬರೆದಿದ್ದಾರೆ ಅಂತ ಈಗ ಹೊಳೀತಾ? ನಿನ್ನ ಸಿಟಿಸಿಯಲ್ಲಿ ಗ್ರಾಚುಟಿ ಅಂತ 720 ಕಳೆದಿದ್ರೆ ಅದು ನಿನಗೆ ಯಾವಾಗ ಬರುತ್ತೆ ಅಂತ ಬರವಣಿಗೆಯಲ್ಲಿ ಕೇಳು.

ಗೋಕುಲ ರೋಡ್ ಮಾಲಕ

ತಮ್ಮಾ, ಉದ್ಯಮಬಾಗದವರು ಹೇಳಿದ ಉಪಾಯ ಮಾಡಿ ನೋಡು. ಆ ಆಫರ್ ಲೆಟರ್ ಪ್ರಿಂಟ್ ತಗದು ನಿನ್ನ ಮಾಲಕನ ಟೇಬಲ್ ಮ್ಯಾಲೆ ಇಡು. ಸಿಎನ್‌ಸಿ ಕಂಪನಿ ಸರ್ವೀಸ್ ಎಂಜಿನಿಯರ್ ಒಂದು ಸಲ ಬೆಂಗಳೂರಿಂದ ಬಂದ್ರ ವಿಸಿಟ್ ಚಾರ್ಜ್ ಎಷ್ಟು ಅಂತ ಅವಗ ಗೊತ್ತಿರ್ತೈತಿ. ನನಗ ಗೊತ್ತೈತಿ, ಅದಕ್ಕ ಹೇಳಾಕತ್ತೀನಿ.

ಅಣ್ಣಿಗೇರಿ ವೈರ್‌ಮನ್

ಸೋಮವಾರ ಮಾತಾಡ್ತೀನ್ರಿ. 21,000 ಮತ್ತ ರಾತ್ರಿ ಕರದ್ರ ಓಟಿ, ಇಷ್ಟು ಕೇಳಾಂವ. 21 ದಾಟಬಾರದು, ಇಎಸ್‌ಐ ಇರ್ಲಿ, ಅಪ್ಪಗ ಶುಗರ್ ಐತಿ. ಓಟಿ ಸೇರಿ 21 ದಾಟಿದ್ರ ಇಎಸ್‌ಐ ಹೋಗ್ತೈತೇನ್ರಿ?

ಪೀಣ್ಯ ಎರಡನೇ ಹಂತ

ಹೋಗಲ್ಲ. 21,000ದ ಮಿತಿ ನೋಡುವಾಗ ಓಟಿ ಸೇರಿಸಲ್ಲ. ನಡುವೆ ಇನ್‌ಕ್ರಿಮೆಂಟ್ ಆಗಿ ದಾಟಿದ್ರೂ ಆ ಆರು ತಿಂಗಳ ಅವಧಿ ಮುಗಿಯೋ ತನಕ ಮುಂದುವರಿಯುತ್ತೆ, ಸೆಪ್ಟೆಂಬರ್ ಕೊನೆ ಇಲ್ಲಾ ಮಾರ್ಚ್ ಕೊನೆ.

ಐಟಿಐ ಮೇಷ್ಟ್ರು, ತುಮಕೂರು

ಅನುಭವ ಪತ್ರವನ್ನೂ ಸೋಮವಾರವೇ ಕೇಳಿ. ಸಂಬಳ ಹೆಚ್ಚಿಸಲು ಒಪ್ಪಿದರೂ ಕೇಳಿ, ಒಪ್ಪದಿದ್ದರೂ ಕೇಳಿ. ಅದರಲ್ಲಿ ಸಿಎನ್‌ಸಿ, ಡಿಜಿ, ಪ್ಯಾನೆಲ್ ಎಲ್ಲವೂ ಹೆಸರಿಟ್ಟು ಬರಬೇಕು.